ಸ್ಟೇರಿಂಗ್ ಆಡುತ್ತಿದೆಯೇ? ಮೊದಲು ಸವೆದ ಕೀಲು ಹುಡುಕಿ

ಕೂಡ್ಲಿಗಿಯಿಂದ ಕೊಟ್ಟೂರಿಗೆ, ಕೊಟ್ಟೂರಿನಿಂದ ಹರಪನಹಳ್ಳಿಗೆ ಹಳೆಯ ಮಾರುತಿ 800 ಓಡಿಸುವವರಿಗೆ ಈ ಸದ್ದು ಹೊಸದಲ್ಲ. ಚಕ್ರ ಸಣ್ಣ ಗುಂಡಿಗೆ ಇಳಿದರೂ ಮುಂದುಗಡೆ ‘ಕಟಕ್’ ಅನ್ನುತ್ತದೆ. ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಅತ್ತಿತ್ತ ತಿದ್ದುತ್ತಲೇ ಇರಬೇಕು. ಹೊಸ ಟೈರಿನ ಒಂದು ಅಂಚು ಆಗಲೇ ಬೋಳಾಗಿರುತ್ತದೆ. ಗ್ಯಾರೇಜಿಗೆ ಹೋದರೆ ಒಬ್ಬರು ‘ರ್‍ಯಾಕ್ ಹೋಗೈತಿ’ ಅನ್ನುತ್ತಾರೆ, ಇನ್ನೊಬ್ಬರು ‘ಎಂಡ್ ಬದಲಿಸಿದರೆ ಸಾಕು’ ಅನ್ನುತ್ತಾರೆ, ಮೂರನೆಯವರು ಏನನ್ನೂ ಮುಟ್ಟದೆ ಅಲೈನ್‌ಮೆಂಟಿಗೆ ಕಳಿಸುತ್ತಾರೆ. ಮೂವರಲ್ಲಿ ಯಾರೂ ಕಾರಿನ ಕೆಳಗೆ ಮಲಗಿ ನೋಡಿರುವುದಿಲ್ಲ ಎಂಬುದೇ ತೊಂದರೆ.

ಆ ನೋಡುವ ಕೆಲಸವನ್ನು ನೀವೇ ಮನೆಯ ಅಂಗಳದಲ್ಲಿ ಮಾಡಬಹುದು. ಜೊತೆಗೆ ಒಬ್ಬರಿದ್ದರೆ ಅರ್ಧ ಗಂಟೆಯ ಕೆಲಸ. ಸವೆದದ್ದು ಟೈ ರಾಡ್ ಎಂಡ್ ಆಗಿದ್ದರೆ, ಹಳೆಯ ಕಾರುಗಳಲ್ಲಿ ಬಹಳ ಸಲ ಅದೇ ಆಗಿರುತ್ತದೆ, ಬದಲಿಸುವುದನ್ನೂ ಮನೆಯಲ್ಲೇ ಮಾಡಬಹುದು. ಉಳಿದ ಕೆಲವು ಭಾಗಗಳನ್ನು ಮನೆಯಲ್ಲಿ ಮುಟ್ಟಬಾರದು. ಅವು ಯಾವುವು ಎಂದು ಮುಂದೆ ಹೇಳಿದ್ದೇನೆ.

ಕೈಯಿಂದ ಚಕ್ರದವರೆಗಿನ ದಾರಿ

ಕೊಟ್ಟೂರೇಶ್ವರನ ತೇರಿನ ಗಾಲಿಗಳು ತಾವಾಗಿ ಪಕ್ಕಕ್ಕೆ ತಿರುಗುವುದಿಲ್ಲ. ಗಾಲಿಗೆ ಸನ್ನೆ ಕೊಡುವವರು ದಾರಿ ತಪ್ಪದಂತೆ ಹೊರಳಿಸುತ್ತಾರೆ. ಕಾರಿನಲ್ಲಿ ಅಚ್ಚು ಇದ್ದಲ್ಲೇ ಇರುತ್ತದೆ, ಮುಂದಿನ ಎರಡು ಚಕ್ರಗಳು ಮಾತ್ರ ತಂತಮ್ಮ ಕೀಲಿನ ಮೇಲೆ ತಿರುಗುತ್ತವೆ. ತಿರುವಿನ ಒಳಗಡೆಯ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು. ಈ ಏರ್ಪಾಡನ್ನು 1817ರಲ್ಲಿ ಜರ್ಮನಿಯ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ ಕುದುರೆಗಾಡಿಗಾಗಿ ರೂಪಿಸಿದ. ಮರುವರ್ಷ ಇಂಗ್ಲೆಂಡಿನಲ್ಲಿ ಅದರ ಪೇಟೆಂಟ್ ಪಡೆದ ರುಡಾಲ್ಫ್ ಆಕರ್‌ಮನ್‌ನ ಹೆಸರೇ ಅದಕ್ಕೆ ನಿಂತುಬಿಟ್ಟಿತು.

ನಿಮ್ಮ ಕೈಗೂ ಚಕ್ರಕ್ಕೂ ನಡುವೆ ಇರುವುದು ಕೀಲುಗಳ ಸಾಲು. ಮಾರುತಿ 800, ಓಮ್ನಿಯಂಥ ಕಾರುಗಳಲ್ಲಿ ಸ್ಟೇರಿಂಗ್ ಕಂಬದ ಕೆಳಗೆ ಒಂದು ಯೂನಿವರ್ಸಲ್ ಜಾಯಿಂಟ್, ಆಮೇಲೆ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ, ಅದು ತಳ್ಳುವ ಉದ್ದನೆಯ ಹಲ್ಲುಕಂಬಿ, ಅಂದರೆ ರ್‍ಯಾಕ್. ರ್‍ಯಾಕಿನ ಎರಡೂ ತುದಿಗೆ ಒಳಗಿನ ಬಾಲ್ ಜಾಯಿಂಟ್, ಟೈ ರಾಡ್, ಕೊನೆಗೆ ಚಕ್ರವನ್ನು ಹೊತ್ತ ನಕಲ್‌ಗೆ ಸೇರುವ ಹೊರಗಿನ ಎಂಡ್. ಅಂಬಾಸಿಡರ್‌ಗೂ ರ್‍ಯಾಕ್ ಇದೆ ಎಂದರೆ ಅನೇಕರು ನಂಬುವುದಿಲ್ಲ, ಆದರೆ ಇದೆ. ಪ್ರೀಮಿಯರ್ ಪದ್ಮಿನಿ, ಹಳೆಯ ಜೀಪುಗಳಲ್ಲಿ ರ್‍ಯಾಕಿನ ಬದಲು ಸ್ಟೇರಿಂಗ್ ಬಾಕ್ಸ್ ಇದ್ದು, ಕೀಲುಗಳ ಸಂಖ್ಯೆ ಇನ್ನೂ ಹೆಚ್ಚು.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸ್ಟೇರಿಂಗನ್ನು ಒಂದು ಸುತ್ತು ಪೂರ್ತಿ ತಿರುಗಿಸಿದರೆ ರ್‍ಯಾಕ್ ಸರಿಯುವುದು ಹೆಚ್ಚೂಕಮ್ಮಿ 4 ಸೆಂ.ಮೀ. ನಿಮ್ಮ ಕೈ ಹಿಡಿಯುವ ಬಳೆಯ ಸುತ್ತಳತೆ ಸುಮಾರು 120 ಸೆಂ.ಮೀ. ಅಂದರೆ ರ್‍ಯಾಕಿನ ದಾರಿಯಲ್ಲಿ ಬರೀ 1 ಮಿ.ಮೀ. ಸಡಿಲ ಬಂದರೂ ಕೈಯಲ್ಲಿ ಅದು 3 ಸೆಂ.ಮೀ. ಆಗಿ ಕಾಣುತ್ತದೆ. ಕಣ್ಣಿಗೆ ಕಾಣದಷ್ಟು ಸವೆತ ಕೈಗೆ ದೊಡ್ಡ ‘ಪ್ಲೇ’ ಆಗುವುದು ಹೀಗೆ. ಆದರೆ ಒಂದೇ ಕಡೆಯ ಹೊರಗಿನ ಎಂಡ್ ಸವೆದಿದ್ದರೆ ಕೈಗೆ ಅಷ್ಟು ತಿಳಿಯುವುದಿಲ್ಲ. ಇನ್ನೊಂದು ಚಕ್ರ ಬಿಗಿಯಾಗಿಯೇ ಇರುವುದರಿಂದ ಸ್ಟೇರಿಂಗ್ ಸರಿಯಾಗಿದೆ ಅನ್ನಿಸುತ್ತದೆ. ಸವೆದ ಕಡೆಯ ಚಕ್ರ ಮಾತ್ರ ತನ್ನಿಷ್ಟಕ್ಕೆ ಅಲ್ಲಾಡುತ್ತಾ ಟೈರನ್ನು ಉಜ್ಜುತ್ತಿರುತ್ತದೆ. ಹಾಗಾಗಿ ‘ಕೈಗೆ ಏನೂ ಗೊತ್ತಾಗುತ್ತಿಲ್ಲ’ ಎಂಬ ಸಮಾಧಾನಕ್ಕೆ ಬೆಲೆ ಇಲ್ಲ.

ನಮ್ಮ ಕಡೆ ಬೇಗ ಸವೆಯುವುದೇಕೆ

ಬಾಲ್ ಜಾಯಿಂಟ್ ಎಂದರೆ ಬಟ್ಟಲಿನಲ್ಲಿ ಕೂತ ಉಕ್ಕಿನ ಗುಂಡು. ಅದರ ಆಯುಷ್ಯ ಇರುವುದು ಗುಂಡಿನಲ್ಲಲ್ಲ, ಅದನ್ನು ಮುಚ್ಚಿದ ರಬ್ಬರ್ ಬೂಟಿನಲ್ಲಿ. ಬೂಟ್ ಹರಿದರೆ ಗ್ರೀಸ್ ಹೊರಗೆ, ಮಣ್ಣು ಒಳಗೆ. ಕೂಡ್ಲಿಗಿ ಕಡೆಯ ಕೆಂಪು ಮರಳುಮಣ್ಣು ಗ್ರೀಸಿನೊಂದಿಗೆ ಬೆರೆತು ಉಕ್ಕನ್ನು ಮಸೆಯುತ್ತದೆ. ಹಡಗಲಿ, ಹರಪನಹಳ್ಳಿ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಬೂಟಿನ ಮಡಿಕೆಗೆ ಮೆತ್ತಿಕೊಂಡು, ಒಣಗಿ ಗಟ್ಟಿಯಾಗಿ, ತಿರುವಿನಲ್ಲಿ ರಬ್ಬರನ್ನು ಸೀಳುತ್ತದೆ. ಎರೆಹೊಲದ ದಾರಿಯಲ್ಲಿ ಹೋಗಿ ಬಂದ ಮೇಲೆ ಕಾರಿನ ಮೈ ತೊಳೆಯುವವರೇ ಹೆಚ್ಚು. ನಿಜವಾಗಿ ತೊಳೆಯಬೇಕಾದದ್ದು ಮುಂದಿನ ಚಕ್ರಗಳ ಒಳಭಾಗ.

ಸುಗ್ಗಿಯ ತಿಂಗಳುಗಳಲ್ಲಿ ಇನ್ನೊಂದು ಕಾಟ. ರಸ್ತೆಯ ಮೇಲೆ ಒಕ್ಕಣೆಗೆ ಹರವಿದ ಹುರುಳಿ ಬಳ್ಳಿ ಚಕ್ರದ ಶಾಫ್ಟಿಗೆ ಸುತ್ತಿಕೊಂಡು ಬೂಟುಗಳನ್ನು ಎಳೆದು ಹರಿಯುತ್ತದೆ. ಸೈಲೆನ್ಸರಿನ ಬಿಸಿ ತಾಗಿದರೆ ಬೆಂಕಿಯ ಅಪಾಯವೂ ಉಂಟು. ಅಂಥ ರಸ್ತೆ ದಾಟಿದ ಮೇಲೆ ಗಾಡಿ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿಕೊಂಡ ಬಳ್ಳಿಯನ್ನು ಕತ್ತರಿಸಿ ತೆಗೆಯಿರಿ. ಕೈಯಿಂದ ಜಗ್ಗಿದರೆ ಬೂಟೂ ಜೊತೆಗೇ ಬರುತ್ತದೆ.

ಕಾನೂನು ಏನು ಹೇಳುತ್ತದೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮ ಸ್ಟೇರಿಂಗಿಗೆಂದೇ ಇದೆ. ಸ್ಟೇರಿಂಗ್ ಚಕ್ರದಲ್ಲಿ ಸಡಿಲ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಮುಚ್ಚಳ ಇರಬೇಕು, ಬೋಲ್ಟು–ಪಿನ್ನುಗಳು ಸಡಿಲವಾಗದಂತೆ ಲಾಕ್ ಆಗಿರಬೇಕು ಎನ್ನುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು ನವೀಕರಣಕ್ಕೆ ಗಾಡಿಯನ್ನು ಸಾರಿಗೆ ಕಚೇರಿಗೆ ಒಯ್ದಾಗ ಸ್ಟೇರಿಂಗ್ ಸ್ಥಿತಿಯೂ ತಪಾಸಣೆಗೆ ಒಳಪಡುತ್ತದೆ. ಆದರೆ 30 ಡಿಗ್ರಿ ಎಂದರೆ ಬಳೆಯ ಮೇಲೆ ಹತ್ತಿರ ಹತ್ತಿರ 10 ಸೆಂ.ಮೀ. ಅಷ್ಟು ಸಡಿಲ ಇಟ್ಟುಕೊಂಡು ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಲು ಹೋಗುವುದು ಬೇಡ. ಸುಜುಕಿ ಕಾರುಗಳ ಸರ್ವಿಸ್ ಕೈಪಿಡಿಗಳಲ್ಲಿ ಕಾಣುವ ಮಿತಿ 30 ಮಿ.ಮೀ. ಅದನ್ನೇ ನಿಮ್ಮ ಗೆರೆ ಎಂದುಕೊಳ್ಳಿ.

ಪತ್ತೆ ಹಚ್ಚುವ ಕ್ರಮ

ಏನನ್ನೂ ಬಿಚ್ಚುವ ಮೊದಲು ನಾಲ್ಕೂ ಟೈರಿನ ಗಾಳಿ ಸರಿಮಾಡಿ. ಕಾರು ಒಂದು ಕಡೆಗೆ ಎಳೆಯುವುದಕ್ಕೆ ಗಾಳಿ ಕಡಿಮೆಯಾದ ಟೈರೋ ಹಿಡಿದುಕೊಂಡ ಬ್ರೇಕೋ ಕಾರಣವಾಗಿರಬಹುದು. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಸ್ಟೇರಿಂಗ್ ನಡುಗುತ್ತಿದ್ದರೆ ಮೊದಲು ವೀಲ್ ಬ್ಯಾಲೆನ್ಸ್ ಮಾಡಿಸಿ. ಇವೆರಡೂ ಅಲ್ಲ ಎಂದಾದ ಮೇಲೆ ಕೀಲುಗಳ ಕಡೆ ಬನ್ನಿ.

1. ಬಳೆಯ ಮೇಲೆ ಅಳತೆ. ಕಾರು ಸಮತಟ್ಟಾದ ಜಾಗದಲ್ಲಿರಲಿ, ಚಕ್ರಗಳು ನೇರವಿರಲಿ. ಸ್ಟೇರಿಂಗ್ ಬಳೆಗೆ ಸಣ್ಣ ಅಂಟುಪಟ್ಟಿ ಹಚ್ಚಿ. ಒಂದು ಬೆರಳಿನಿಂದ ಎಡಕ್ಕೂ ಬಲಕ್ಕೂ ಮೆಲ್ಲಗೆ ಒತ್ತಿ. ರಸ್ತೆಯ ಮೇಲಿನ ಚಕ್ರ ಕದಲಲು ಶುರುವಾಗುವವರೆಗೆ ಪಟ್ಟಿ ಎಷ್ಟು ಸರಿಯಿತು ಎಂದು ಅಳೆದು ಬರೆದಿಡಿ. ಕೆಲಸ ಮುಗಿದ ಮೇಲೆ ಹೋಲಿಸಲು ಈ ಅಂಕಿ ಬೇಕು. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇಟ್ಟು ಅಳೆಯಿರಿ.

2. ನೆಲದ ಮೇಲಿರುವಾಗಲೇ ಕೈಯಿಟ್ಟು ನೋಡುವುದು. ಇರುವುದರಲ್ಲಿ ಬಹಳ ಉಪಯೋಗದ ಪರೀಕ್ಷೆ ಇದೇ, ಆದರೆ ಬಹಳ ಜನ ಬಿಡುವುದೂ ಇದನ್ನೇ. ಎಂಜಿನ್ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಹಿಂದೆ–ಮುಂದೆ ಕಲ್ಲು ಕೊಡಿ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಗೇಣುದ್ದ ಎಡಕ್ಕೆ, ಗೇಣುದ್ದ ಬಲಕ್ಕೆ ಆಡಿಸುತ್ತಿರಲಿ. ನೀವು ಚಕ್ರದ ಹಿಂದಿನಿಂದ ಕೈ ಹಾಕಿ ಹೊರಗಿನ ಎಂಡಿನ ಮೇಲೆ ಬೆರಳಿಡಿ. ಅರ್ಧ ಬೆರಳು ಎಂಡಿನ ಮೇಲೆ, ಅರ್ಧ ನಕಲ್‌ನ ಮೇಲೆ ಇರಲಿ. ಎರಡೂ ಒಟ್ಟಿಗೆ ಸರಿದರೆ ಕೀಲು ಗಟ್ಟಿ. ಒಂದು ಸರಿದ ಮೇಲೆ ಇನ್ನೊಂದು ತಡವಾಗಿ ಸರಿದರೆ, ಬೆರಳಿಗೆ ‘ಟಕ್’ ಎಂದು ತಾಗಿದರೆ, ಕೀಲು ಸವೆದಿದೆ. ಹೀಗೆ ಚಕ್ರದಿಂದ ಶುರುಮಾಡಿ ಒಂದೊಂದೇ ಕೀಲು ದಾಟುತ್ತಾ ಸ್ಟೇರಿಂಗ್ ಕಂಬದವರೆಗೆ ಬನ್ನಿ. ಜಾಕಿ ಎತ್ತದೆಯೇ ಮಾಡುವುದೇಕೆ? ಚಕ್ರ ನೆಲಕ್ಕೆ ಒತ್ತಿಕೊಂಡಿರುವಾಗ ಪ್ರತಿ ಕೀಲೂ ಜೋರು ಹಾಕಿ ತಳ್ಳಬೇಕಾಗುತ್ತದೆ, ಸಡಿಲ ಆಗ ಅಡಗಿ ಕೂರಲಾರದು.

3. ಒಳಗಿನ ಕೀಲು. ರ್‍ಯಾಕಿನ ಎರಡು ತುದಿಯಲ್ಲೂ ಮಡಿಕೆ ಮಡಿಕೆಯ ರಬ್ಬರ್ ಬೂಟ್ ಇರುತ್ತದೆ. ಅದನ್ನು ಹೊರಗಿನಿಂದಲೇ ಹಿಂಡಿ ಹಿಡಿದುಕೊಂಡು ಮತ್ತೆ ಸ್ಟೇರಿಂಗ್ ಆಡಿಸಲು ಹೇಳಿ. ಒಳಗಿನ ಗುಂಡು ಬಟ್ಟಲಿನಲ್ಲಿ ಆಡುವುದು ರಬ್ಬರಿನ ಮೂಲಕವೂ ಬೆರಳಿಗೆ ತಿಳಿಯುತ್ತದೆ.

4. ರ್‍ಯಾಕ್ ಮತ್ತು ಅದರ ಬುಷ್. ಆಡಿಸುವಾಗ ರ್‍ಯಾಕಿನ ಕವಚವೇ ಬಾಡಿಯ ಮೇಲೆ ಅತ್ತಿತ್ತ ಜಾರಿದರೆ ಅದನ್ನು ಹಿಡಿದ ಕ್ಲಾಂಪಿನ ರಬ್ಬರ್ ಹೋಗಿದೆ ಅಥವಾ ಬೋಲ್ಟ್ ಸಡಿಲಾಗಿದೆ. ಕವಚ ಅಲುಗದೆ, ಒಳಗಿನ ಕಂಬಿ ಮೇಲೆ–ಕೆಳಗೆ ಕುಣಿದರೆ ರ್‍ಯಾಕ್ ಬುಷ್ ಸವೆದಿದೆ. ಹಳೆಯ ಮಾರುತಿಗಳಲ್ಲಿ ಪಿನಿಯನ್‌ನಿಂದ ದೂರದ ತುದಿಯ ಬುಷ್ ಸವೆದು ಗುಂಡಿಗಳಲ್ಲಿ ಸದ್ದು ಮಾಡುವುದು ಸಾಮಾನ್ಯ. ‘ರ್‍ಯಾಕ್ ಹೋಗೈತಿ’ ಎಂದು ತೆಗೆದುಬಿಸಾಡಿದ ಎಷ್ಟೋ ರ್‍ಯಾಕುಗಳಲ್ಲಿ ಹೋಗಿದ್ದದ್ದು ಈ ಬುಷ್ ಮಾತ್ರ.

5. ಜಾಕಿ ಎತ್ತಿ ಅಲ್ಲಾಡಿಸುವುದು. ಈಗ ಮುಂದಿನ ಒಂದು ಚಕ್ರವನ್ನು ಎತ್ತಿ, ಸ್ಟ್ಯಾಂಡ್ ಕೊಡಿ. ಚಕ್ರವನ್ನು ಎಡಬಲದ ಅಂಚಿನಲ್ಲಿ ಹಿಡಿದು ಅಲ್ಲಾಡಿಸಿ. ಇಲ್ಲಿ ಸಡಿಲ ಕಂಡರೆ ಟೈ ರಾಡಿನ ಕೀಲು. ಆಮೇಲೆ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಇಲ್ಲಿ ಸಡಿಲ ಕಂಡರೆ ಕೆಳಗಿನ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್, ಪದ್ಮಿನಿಯಂಥ ಕಾರಿನಲ್ಲಿ ಚಕ್ರ ತಿರುಗುವ ಗೂಟವಾದ ಕಿಂಗ್ ಪಿನ್ ಕೂಡ ಇರಬಹುದು. ಜೊತೆಯವರಿಗೆ ಬ್ರೇಕ್ ಒತ್ತಲು ಹೇಳಿ ಇನ್ನೊಮ್ಮೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ತಪ್ಪು ಬೇರಿಂಗಿನದು, ಉಳಿದರೆ ಕೀಲಿನದು.

6. ಒಳಗಿನ ಯೂನಿವರ್ಸಲ್ ಜಾಯಿಂಟ್. ಪೆಡಲುಗಳ ಹತ್ತಿರ ಸ್ಟೇರಿಂಗ್ ಕಂಬದ ಕೆಳತುದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಮೇಲಿನ ಶಾಫ್ಟ್ ತಿರುಗಿದ ಮೇಲೆ ಕೆಳಗಿನದು ತಡವಾಗಿ ಹೊರಟರೆ ಜಾಯಿಂಟೋ ಅದರ ಬೋಲ್ಟೋ ಸಡಿಲ. ಬರೀ ಒಂದು ಬೋಲ್ಟ್ ಬಿಗಿಮಾಡಿದ್ದಕ್ಕೆ ಸರಿಹೋಗುವ ಕಾರುಗಳೂ ಇವೆ.

ಒಂದು ಎಚ್ಚರಿಕೆ. ಕೆಲವು ಎಂಡುಗಳ ಒಳಗೆ ಸ್ಪ್ರಿಂಗ್ ಇರುತ್ತದೆ. ದೊಡ್ಡ ಇಕ್ಕಳದಿಂದ ಅದುಮಿದರೆ ಅವು ಸ್ವಲ್ಪ ಕುಸಿದು ಹಿಂದಕ್ಕೆ ಚಿಮ್ಮುತ್ತವೆ. ಇದು ಸವೆತವಲ್ಲ. ಪಕ್ಕಕ್ಕೆ ಆಡುವುದು ಮಾತ್ರ ಸವೆತ. ಇನ್ನು, ಕೀಲು ಬಿಗಿಯಾಗಿದ್ದು ಬೂಟ್ ಈಗಷ್ಟೇ ಹರಿದಿದ್ದರೆ, ಒಳಗಿನ ಗ್ರೀಸ್ ಇನ್ನೂ ಶುದ್ಧವಾಗಿದ್ದರೆ, ಬೂಟ್ ಮಾತ್ರ ಬದಲಿಸಿ ಉಳಿಸಬಹುದು. ಗ್ರೀಸನ್ನು ಬೆರಳಲ್ಲಿ ತಿಕ್ಕಿದಾಗ ಮರಳು ಸಿಕ್ಕರೆ ಆ ಕಾಲ ಮುಗಿದಿದೆ.

ಬೇಕಾದ ಸಾಮಾನು

ಜಾಕಿ, ಎರಡು ಸ್ಟ್ಯಾಂಡ್, ಚಕ್ರದ ಪಾನಾ, ನಿಮ್ಮ ಕಾರಿನ ನಟ್ಟುಗಳಿಗೆ ಹೊಂದುವ ಪಾನಾಗಳು, ತಂತಿ ಬ್ರಷ್, ತುಕ್ಕು ಬಿಡಿಸುವ ಎಣ್ಣೆ, ಒಂದು ಭಾರಿ ಒಂದು ಹಗುರ ಎಂದು ಎರಡು ಸುತ್ತಿಗೆ, ಸಿಕ್ಕರೆ ಬಾಲ್ ಜಾಯಿಂಟ್ ಪುಲ್ಲರ್, ಬಿಳಿ ಪೇಂಟ್, ಹೊಸ ಸ್ಪ್ಲಿಟ್ ಪಿನ್ನುಗಳು.

ಸ್ಟ್ಯಾಂಡಿನ ವಿಷಯದಲ್ಲಿ ರಾಜಿ ಬೇಡ. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಈ ಕೆಲಸದಲ್ಲಿ ಸುತ್ತಿಗೆ ಬೀಸುತ್ತೀರಿ, ಪಾನಾ ಜಗ್ಗುತ್ತೀರಿ, ಕಾರು ಪಕ್ಕಕ್ಕೆ ತೂಗುತ್ತದೆ. ಸ್ಟ್ಯಾಂಡ್ ಇಲ್ಲವೆಂದು ಸೈಜುಗಲ್ಲು, ಟೊಳ್ಳು ಸಿಮೆಂಟ್ ಬ್ಲಾಕ್ ಕೊಡುವುದು ಊರುಗಳಲ್ಲಿ ರೂಢಿ. ಅವು ಸೂಚನೆ ಕೊಡದೆ ಒಡೆಯುತ್ತವೆ. ಗಟ್ಟಿಯಾದ ಅಗಲ ಮರದ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದರೆ ಪರವಾಗಿಲ್ಲ. ಎರೆನೆಲದಲ್ಲಿ ಜಾಕಿಯ ಕೆಳಗೆ ಹಲಗೆ ಹಾಕದೆ ಎತ್ತಬೇಡಿ. ಬಿಚ್ಚಿದ ಚಕ್ರವನ್ನು ಕಾರಿನ ತಳಕ್ಕೆ ಅಡ್ಡ ಮಲಗಿಸಿಡಿ, ಏನಾದರೂ ಜಾರಿದರೆ ಅದೇ ಕಾಯುತ್ತದೆ.

ಎಂಡ್ ಕೊಳ್ಳುವಾಗ ಕಾರಿನ ಮಾದರಿ, ವರ್ಷ ಹೇಳಿ, ಎಡ–ಬಲ ಬೇರೆಯೇ ಎಂದು ಕೇಳಿ. ಸಾಧ್ಯವಾದರೆ ಹಳೆಯದರ ಜೊತೆ ಹೋಲಿಸಿ: ಗುಂಡಿನ ಕಾಲಿನ ದಪ್ಪ, ಮರೆ (ಥ್ರೆಡ್), ಒಟ್ಟು ಉದ್ದ. ಕಂಪನಿಯ ಮೂಲ ಬಿಡಿಭಾಗವೋ ಚೆನ್ನೈನ ರಾಣೆಯಂಥ ಹೆಸರಾದ ತಯಾರಕರದೋ ಆಗಿರಲಿ. ಹೆಸರಿಲ್ಲದ ಪೊಟ್ಟಣದ್ದು ಅರ್ಧ ಬೆಲೆಗೆ ಸಿಗುತ್ತದೆ. ಕಾರಿನ ಬೇರೆ ಯಾವ ಭಾಗಕ್ಕಾದರೂ ಹಾಗೆ ಉಳಿಸಿ, ಇದಕ್ಕೆ ಬೇಡ. ಎರಡೂ ಕಡೆಯ ಹೊರಗಿನ ಎಂಡ್ ಒಂದೇ ವಯಸ್ಸಿನವಾಗಿದ್ದರೆ ಎರಡನ್ನೂ ಬದಲಿಸುವುದೇ ಲಾಭ, ಅಲೈನ್‌ಮೆಂಟ್ ಖರ್ಚು ಒಂದೇ ಸಲ ಬರುತ್ತದೆ.

ಬಿಚ್ಚುವ ಮೊದಲು: ಟೇಪರ್ ಏಕೆ ಹಿಡಿಯುತ್ತದೆ

ಎಂಡಿನ ಕಾಲು ನೇರ ಬೋಲ್ಟ್ ಅಲ್ಲ, ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗುತ್ತದೆ. ನಕಲ್‌ನ ತೂತೂ ಹಾಗೆಯೇ. ನಟ್ಟನ್ನು ಬಿಗಿದಾಗ ಕಾಲು ತೂತಿನೊಳಗೆ ಬೆಣೆಯಾಗಿ ಕಚ್ಚುತ್ತದೆ. ಹೊರೆಯನ್ನು ತಡೆಯುವುದು ಆ ಕಚ್ಚುವಿಕೆ, ನಟ್ಟು ಅದನ್ನು ಬಿಡದಂತೆ ಕಾಯುತ್ತದೆ ಅಷ್ಟೇ. ಎಷ್ಟು ಭದ್ರವೆಂದರೆ ನಟ್ಟು ತೆಗೆದ ಮೇಲೂ ಎಂಡ್ ಕೈಗೆ ಬರುವುದಿಲ್ಲ. ಇದು ಅರ್ಥವಾದರೆ ಮುಂದಿನ ಮೂರು ಮಾತು ತಾವಾಗಿ ಬರುತ್ತವೆ. ಒಂದು, ಕಾಲಿನ ತುದಿಗೆ ಸುತ್ತಿಗೆಯಿಂದ ಹೊಡೆದರೆ ಮರೆ ಹಾಳಾಗುತ್ತದೆಯೇ ಹೊರತು ಬೆಣೆ ಸಡಿಲಾಗುವುದು ಕಷ್ಟ. ಹೊಡೆಯಬೇಕಾದದ್ದು ನಕಲ್‌ನ ಕಣ್ಣಿನ ಪಕ್ಕಕ್ಕೆ. ಪೆಟ್ಟಿಗೆ ತೂತು ಒಂದು ಕ್ಷಣ ಅಂಡಾಕಾರಕ್ಕೆ ಬಾಗಿ ಹಿಡಿತ ಬಿಡುತ್ತದೆ. ಎರಡು, ಹೊಸದನ್ನು ಕೂರಿಸುವಾಗ ಟೇಪರಿಗೆ ಗ್ರೀಸ್ ಹಚ್ಚಬಾರದು, ಒಣಗಿದ್ದರೇ ಅದು ಕಚ್ಚುವುದು. ಮೂರು, ತೂತು ಸವೆದು ಅಗಲವಾಗಿದ್ದರೆ ಹೊಸ ಎಂಡ್ ಹಾಕಿಯೂ ಪ್ರಯೋಜನವಿಲ್ಲ, ನಕಲ್ ಬದಲಿಸಬೇಕು. ತೆಳು ತಗಡು ಸುತ್ತಿ ಕೂರಿಸುವವರಿದ್ದಾರೆ. ಅಂಥ ಕೆಲಸಕ್ಕೆ ಒಪ್ಪಬೇಡಿ.

ಹೊರಗಿನ ಎಂಡ್ ಬದಲಿಸುವ ಕ್ರಮ

1. ಹಿಂದಿನ ದಿನವೇ ಟೈ ರಾಡಿನ ಮರೆಯನ್ನು ಬ್ರಷ್‌ನಿಂದ ಉಜ್ಜಿ, ಎಂಡನ್ನು ಟೈ ರಾಡಿಗೆ ಬಿಗಿದಿಡುವ ಚೆಕ್ ನಟ್ಟಿಗೂ ಎಂಡಿನ ಕಾಲಿನ ನಟ್ಟಿಗೂ ತುಕ್ಕೆಣ್ಣೆ ಬಿಡಿ. ರಾತ್ರಿಯೆಲ್ಲಾ ನೆನೆದರೆ ಬೆಳಗ್ಗೆ ಅರ್ಧ ಕೆಲಸ ಮುಗಿದಂತೆ.

2. ಕಾರು ನೆಲದ ಮೇಲಿರುವಾಗಲೇ ಚಕ್ರದ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ. ಆಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆಯಿರಿ.

3. ಚೆಕ್ ನಟ್ ಎಂಡಿಗೆ ತಾಗುವ ಜಾಗದಲ್ಲಿ ಮರೆಯ ಮೇಲೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಎಂಡಿನ ಗುಂಡಿನ ನಡುವಿನಿಂದ ಟೈ ರಾಡಿನ ಮೇಲಿನ ಒಂದು ಗುರುತಿನವರೆಗೆ ಅಳೆದು ಬರೆದುಕೊಳ್ಳಿ. ಪೇಂಟ್ ಅಳಿಸಿಹೋದರೂ ಈ ಅಳತೆ ಉಳಿಯುತ್ತದೆ.

4. ಎಂಡ್ ಇನ್ನೂ ನಕಲ್‌ನಲ್ಲಿ ಸಿಕ್ಕಿಕೊಂಡಿರುವಾಗಲೇ ಚೆಕ್ ನಟ್ಟನ್ನು ಕಾಲು ಸುತ್ತು ಸಡಿಲಿಸಿ. ಎಂಡನ್ನು ಹಿಡಿದುಕೊಳ್ಳುವ ಕೆಲಸವನ್ನು ನಕಲ್ ಮಾಡುತ್ತದೆ. ಬಿಚ್ಚಿದ ಮೇಲೆ ಈ ನಟ್ಟನ್ನು ಸಡಿಲಿಸುವುದು ದೊಡ್ಡ ಪಾಡು. ಬಾಕ್ಸ್ ಇರುವ ಗಾಡಿಗಳಲ್ಲಿ ಒಂದು ತುದಿಗೆ ಎಡಮರೆ ಇರುವುದುಂಟು. ಬಾರದಿದ್ದರೆ ಜೋರು ಹಾಕುವ ಮೊದಲು ಮರೆ ಯಾವ ಕಡೆ ಹೋಗುತ್ತದೆಂದು ನೋಡಿ.

5. ಸ್ಪ್ಲಿಟ್ ಪಿನ್ ನೇರಮಾಡಿ ಎಳೆದು ತೆಗೆಯಿರಿ. ಎಂಡಿನ ಕಾಲಿನ ಕೋಟೆ ನಟ್ಟನ್ನು ಪೂರ್ತಿ ತೆಗೆಯದೆ ಕೊನೆಯ ಕೆಲವು ಮರೆಗಳ ಮೇಲೆ ಬಿಡಿ, ಬೆಣೆ ಬಿಟ್ಟಾಗ ಎಂಡ್ ಹಾರದಂತೆ ಅದು ತಡೆಯುತ್ತದೆ. ಪುಲ್ಲರ್ ಹಾಕಿ ಬಿಗಿಯಿರಿ. ಪುಲ್ಲರ್ ಇಲ್ಲದಿದ್ದರೆ ನಕಲ್ ಕಣ್ಣಿನ ಒಂದು ಪಕ್ಕಕ್ಕೆ ಭಾರಿ ಸುತ್ತಿಗೆ ಒತ್ತಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದರಿಂದ ಗಟ್ಟಿಯಾಗಿ ಹೊಡೆಯಿರಿ. ಬ್ರೇಕಿನ ಪೈಪಿಗೆ ಪೆಟ್ಟು ಬೀಳದಂತೆ ನೋಡಿಕೊಳ್ಳಿ.

6. ಎಂಡನ್ನು ಟೈ ರಾಡಿನಿಂದ ತಿರುಗಿಸಿ ತೆಗೆಯುವಾಗ ಸುತ್ತುಗಳನ್ನು ಎಣಿಸಿ. ಒಂದೇ ಒಂದು ಸುತ್ತು ತಪ್ಪಿದರೂ ಚಿಕ್ಕ ಕಾರಿನ ರಿಮ್ಮಿನ ಅಂಚಿನಲ್ಲಿ 3 ಮಿ.ಮೀ. ಹತ್ತಿರ ವ್ಯತ್ಯಾಸ ಬರುತ್ತದೆ. ಟೈರು ತಿನ್ನಲು ಅಷ್ಟು ಸಾಕು.

7. ನಕಲ್‌ನ ತೂತನ್ನು ಒಣಬಟ್ಟೆಯಿಂದ ಒರೆಸಿ. ಟೈ ರಾಡಿನ ಮರೆಗೆ ಮಾತ್ರ ತೆಳುವಾಗಿ ಗ್ರೀಸ್ ಹಚ್ಚಿ. ಹೊಸ ಎಂಡನ್ನು ಅಷ್ಟೇ ಸುತ್ತು ಹಾಕಿ, ಬರೆದಿಟ್ಟ ಅಳತೆಯನ್ನೂ ನೋಡಿ. ಹೊಸದರ ಉದ್ದ ಹಳೆಯದಕ್ಕಿಂತ ಬೇರೆ ಇದ್ದರೆ ಸುತ್ತಿನ ಲೆಕ್ಕಕ್ಕಿಂತ ಅಳತೆಯನ್ನೇ ನಂಬಿ.

8. ಎಂಡನ್ನು ನಕಲ್‌ಗೆ ಕೂರಿಸಿ ನಟ್ಟು ಬಿಗಿಯಿರಿ. ಕಾಲೂ ನಟ್ಟಿನ ಜೊತೆ ತಿರುಗುತ್ತಿದ್ದರೆ ಎಂಡನ್ನು ಸಣ್ಣ ಸನ್ನೆಗೋಲಿನಿಂದ ತೂತಿನೊಳಕ್ಕೆ ಒತ್ತಿ ಹಿಡಿಯಿರಿ, ಟೇಪರ್ ಕಚ್ಚಿ ನಿಲ್ಲುತ್ತದೆ. ಸಣ್ಣ ಕಾರುಗಳಲ್ಲಿ ಬಿಗಿತ ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಆಸುಪಾಸು. 20 ಸೆಂ.ಮೀ. ಪಾನಾದ ತುದಿಗೆ 20 ಕಿಲೋ ತೂಕದಷ್ಟು ಒತ್ತಡ ಎಂದರೆ ಅದೇ. ನಿಮ್ಮ ಕಾರಿನ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಕೊನೆ.

9. ಪಿನ್ನಿನ ತೂತು ನಟ್ಟಿನ ಸೀಳಿಗೆ ಸರಿಹೊಂದದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಿ. ಸಡಿಲಿಸಿ ಹೊಂದಿಸಿದರೆ ಟೇಪರಿನ ಹಿಡಿತವನ್ನೇ ಸಡಿಲಿಸಿದಂತೆ. ಪಿನ್ ಹೊಸದೇ ಇರಲಿ, ಎರಡೂ ಕಾಲು ಮಡಚಿ. ಕೆಲವು ಎಂಡುಗಳಿಗೆ ಪಿನ್ನಿನ ಬದಲು ನೈಲಾನ್ ನಟ್ ಬರುತ್ತದೆ, ಅದನ್ನು ಎರಡನೇ ಸಲ ಬಳಸಬಾರದು.

10. ಚೆಕ್ ನಟ್ಟನ್ನು ಬಿಗಿಯುವಾಗ ಎಂಡಿನ ಮೈಯನ್ನು ಪಾನಾದಿಂದ ಹಿಡಿದುಕೊಳ್ಳಿ, ಇಲ್ಲವಾದರೆ ಗುಂಡು ಒಂದು ಕಡೆ ವಾಲಿ ನಿಲ್ಲುತ್ತದೆ. ರ್‍ಯಾಕಿನ ಬೂಟ್ ತಿರುಚಿಕೊಂಡಿದ್ದರೆ ಸರಿಪಡಿಸಿ. ಚಕ್ರ ಹಾಕಿ, ಇಳಿಸಿ, ನೆಲದ ಮೇಲೆ ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿಯಿರಿ.

ದಾರ ಕಟ್ಟಿ ಚಕ್ರ ನೋಡುವುದು

ಎಷ್ಟೇ ಎಚ್ಚರದಿಂದ ಎಣಿಸಿದರೂ ಅಲೈನ್‌ಮೆಂಟ್ ಬೇಕೇ ಬೇಕು. ನಿಮ್ಮ ಊರಲ್ಲಿ ಯಂತ್ರ ಇಲ್ಲದಿದ್ದರೆ ಹೊಸಪೇಟೆಗೋ ದಾವಣಗೆರೆಗೋ ಹೋಗಬೇಕು. ಅಷ್ಟು ದೂರ ಅಡ್ಡಾದಿಡ್ಡಿ ಚಕ್ರದಲ್ಲಿ ಹೋಗುವ ಬದಲು ಮನೆಯಲ್ಲೇ ಒಂದು ಹದಕ್ಕೆ ತಂದುಕೊಳ್ಳಿ.

ಮೊದಲು ಕಾರನ್ನು ಕೆಲವು ಮೀಟರ್ ಮುಂದಕ್ಕೆ ತಳ್ಳಿ. ಜಾಕಿಯಿಂದ ಇಳಿದ ಚಕ್ರಗಳು ಒಳಕ್ಕೆ ಮಡಚಿಕೊಂಡಿರುತ್ತವೆ, ಉರುಳಿದ ಮೇಲೆಯೇ ಸ್ವಸ್ಥಾನಕ್ಕೆ ಬರುವುದು. ಸ್ಟೇರಿಂಗ್ ನೇರ ಮಾಡಿ ಕಟ್ಟಿಬಿಡಿ. ಕಾರಿನ ಮುಂದೊಂದು ಹಿಂದೊಂದು ಒಂದೇ ಉದ್ದದ ಪೈಪು ಅಡ್ಡ ಇಟ್ಟು, ಅವುಗಳ ಎರಡೂ ತುದಿಯಲ್ಲಿ ಒಂದೇ ಅಂತರದ ಗುರುತಿಗೆ ದಾರ ಕಟ್ಟಿ. ದಾರ ಚಕ್ರದ ನಡುಮಟ್ಟದಲ್ಲಿ ಬಿಗಿಯಾಗಿ ಹಾಯಲಿ. ಮುಂದಿನ ಎರಡು ಹಬ್ಬುಗಳಿಂದ ದಾರದ ದೂರ ಎಡ–ಬಲ ಸಮವಾಗಿರಬೇಕು, ಹಿಂದಿನವೂ ಹಾಗೆಯೇ. ಮುಂದಿನ ಅಂಕಿಯೂ ಹಿಂದಿನ ಅಂಕಿಯೂ ಒಂದೇ ಇರಬೇಕಿಲ್ಲ, ಮುಂದಿನ ಅಚ್ಚಿಗೂ ಹಿಂದಿನದಕ್ಕೂ ಅಗಲದಲ್ಲಿ ವ್ಯತ್ಯಾಸ ಇರುವುದು ಸಹಜ.

ಈಗ ಮುಂದಿನ ಚಕ್ರದ ರಿಮ್ಮಿನ ಮುಂದಂಚಿನಿಂದಲೂ ಹಿಂದಂಚಿನಿಂದಲೂ ದಾರಕ್ಕೆ ಎಷ್ಟು ದೂರ ಎಂದು ಅಳೆಯಿರಿ. ಮುಂದಂಚು ದಾರದಿಂದ ಹೆಚ್ಚು ದೂರ ಇದ್ದರೆ ಚಕ್ರ ಒಳಮುಖ, ಕಡಿಮೆ ಇದ್ದರೆ ಹೊರಮುಖ. ಕೈಪಿಡಿಯ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಎರಡೂ ಕಡೆ ಸೇರಿ 1–2 ಮಿ.ಮೀ. ಒಳಮುಖ ಇಟ್ಟುಕೊಂಡರೆ ಯಂತ್ರದವರೆಗೆ ಹೋಗಲು ತೊಂದರೆಯಿಲ್ಲ. ಎಡಬಲ ಸಮ ಮಾಡಲು ಎರಡೂ ಟೈ ರಾಡುಗಳನ್ನು ತಿರುಗಿಸಬೇಕಾಗಬಹುದು. ಒಂದನ್ನೇ ತಿರುಗಿಸಿ ಲೆಕ್ಕ ಮುಗಿಸಿದರೆ ಕಾರು ನೇರ ಹೋಗುವಾಗ ಸ್ಟೇರಿಂಗ್ ಸೊಟ್ಟಗಿರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಅತಿ ಕೆಟ್ಟದ್ದು ಹಳೆಯ ಎಂಡಿಗೆ ‘ಟೈಟ್’ ಮಾಡಿಸುವುದು. ಬಟ್ಟಲಿನ ಬೆನ್ನಿಗೆ ಸುತ್ತಿಗೆಯಿಂದ ಬಡಿದು ಕುಗ್ಗಿಸುತ್ತಾರೆ, ಇಲ್ಲವೇ ವೆಲ್ಡಿಂಗ್ ಚುಕ್ಕೆ ಇಡುತ್ತಾರೆ. ಕೆಲವು ದಿನ ಸದ್ದು ನಿಲ್ಲುವುದು ನಿಜ. ಆದರೆ ವೆಲ್ಡಿಂಗಿನ ಬಿಸಿಗೆ ಉಕ್ಕಿನ ಹದ ಕೆಡುತ್ತದೆ, ಒಳಗಿನ ಪ್ಲಾಸ್ಟಿಕ್ ಬಟ್ಟಲು ಕರಗುತ್ತದೆ, ಒಂದು ದಿನ ಗುಂಡು ಬಟ್ಟಲಿನಿಂದ ಕಳಚಿಕೊಳ್ಳುತ್ತದೆ. ಕಳಚಿದ ಮೇಲೆ ಆ ಕಡೆಯ ಚಕ್ರ ನಿಮ್ಮ ಮಾತು ಕೇಳುವುದಿಲ್ಲ.

ಕೀಲು ಸವೆದಿರುವಾಗಲೇ ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ದಂಡ. ಯಂತ್ರದ ಮೇಲೆ ಸರಿ ಕಂಡ ಅಂಕಿ ಮೊದಲ ಗುಂಡಿಯಲ್ಲೇ ಬದಲಾಗುತ್ತದೆ. ಪಿನ್ನಿನ ಬದಲು ತಂತಿ ಅಥವಾ ಮೊಳೆ ಹಾಕುವುದು ಇನ್ನೊಂದು ಅಭ್ಯಾಸ. ಪಿನ್ ಬೆಲೆ ಒಂದು ಚಹಾಕ್ಕಿಂತ ಕಡಿಮೆ.

ಸಡಿಲ ಕಂಡ ಕೂಡಲೇ ರ್‍ಯಾಕಿನ ಅಥವಾ ಬಾಕ್ಸಿನ ಅಡ್ಜಸ್ಟ್ ಸ್ಕ್ರೂ ಬಿಗಿಯುವವರೂ ಇದ್ದಾರೆ. ಗಾಡಿ ಹೆಚ್ಚು ಓಡುವುದು ನೇರಕ್ಕೇ ಆದ್ದರಿಂದ ಹಲ್ಲುಗಳು ನಡುಭಾಗದಲ್ಲೇ ಹೆಚ್ಚು ಸವೆದಿರುತ್ತವೆ. ನಡುವಿನ ಸಡಿಲ ಹೋಗುವಷ್ಟು ಬಿಗಿದರೆ ಸವೆಯದ ಪಕ್ಕಗಳಲ್ಲಿ ಹಲ್ಲು ಹಿಡಿದುಕೊಳ್ಳುತ್ತದೆ. ತಿರುವಿನಲ್ಲಿ ಹೋದ ಸ್ಟೇರಿಂಗ್ ವಾಪಸು ಬರುವುದಿಲ್ಲ. ಬಾಕ್ಸ್ ಇರುವ ಗಾಡಿಯಲ್ಲಿ ಕೀಲುಗಳೆಲ್ಲಾ ಸರಿ ಎಂದು ಖಾತ್ರಿಯಾದ ಮೇಲೆ, ಮುಂದಿನ ಎರಡೂ ಚಕ್ರ ಎತ್ತಿ, ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ, ಪ್ರತಿ ಸಲವೂ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಯವರೆಗೆ ತಿರುಗಿಸಿ ನೋಡಿ. ಎಲ್ಲೇ ಬಿಗಿ ಕಂಡರೂ ಹಿಂದಕ್ಕೆ ಬನ್ನಿ. ಅದಕ್ಕೂ ಮೊದಲು ಬಾಕ್ಸಿನಲ್ಲಿ ಗೇರ್ ಆಯಿಲ್ ಇದೆಯೇ ನೋಡುವುದು ಒಳ್ಳೆಯದು. ವರ್ಷಗಟ್ಟಲೆ ಯಾರೂ ಅದರ ಮುಚ್ಚಳ ತೆಗೆದಿರುವುದಿಲ್ಲ.

ಕಿಂಗ್ ಪಿನ್ ಇರುವ ಗಾಡಿಗೆ ಗ್ರೀಸ್ ಹೊಡೆಯುವಾಗ ಚಕ್ರ ನೆಲದಿಂದ ಎತ್ತಿರಬೇಕು. ಭಾರ ಬಿದ್ದಿರುವಾಗ ಗ್ರೀಸ್ ಸಡಿಲ ಇರುವ ಪಕ್ಕಕ್ಕೆ ಮಾತ್ರ ಹೋಗಿ, ಉಜ್ಜುವ ಪಕ್ಕ ಒಣಗಿಯೇ ಉಳಿಯುತ್ತದೆ.

ಮನೆಯಲ್ಲಿ ಮುಟ್ಟಬಾರದ್ದು

ರ್‍ಯಾಕ್ ಬಿಚ್ಚಿ ಹಲ್ಲು ಬದಲಿಸುವುದು, ಪ್ರೆಸ್ ಯಂತ್ರ ಬೇಕಾಗುವ ಬಾಲ್ ಜಾಯಿಂಟ್ ಮತ್ತು ಕಿಂಗ್ ಪಿನ್ ಬುಷ್, ಪವರ್ ಸ್ಟೇರಿಂಗಿನ ಪಂಪು ಮತ್ತು ವಿದ್ಯುತ್ ಮೋಟಾರು, ಏರ್‌ಬ್ಯಾಗ್ ಇರುವ ಸ್ಟೇರಿಂಗ್ ಚಕ್ರ. ಇವು ಗ್ಯಾರೇಜಿನ ಕೆಲಸ. ಬಾಗಿದ ಟೈ ರಾಡನ್ನು ಕಾಯಿಸಿ ನೇರ ಮಾಡಿಸಲು ಎಲ್ಲಿಗೂ ಒಯ್ಯಬೇಡಿ, ಹೊಸದು ಹಾಕಿಸಿ. ಆದರೆ ಗ್ಯಾರೇಜಿಗೆ ಹೋಗುವಾಗ ‘ಸ್ಟೇರಿಂಗ್ ಆಡ್ತದೆ ನೋಡಿ’ ಎನ್ನಬೇಡಿ. ‘ಎಡಗಡೆ ಒಳಗಿನ ಜಾಯಿಂಟ್ ಆಡ್ತದೆ, ಹೊರಗಿನ ಎಂಡ್ ಗಟ್ಟಿ ಇದೆ’ ಎಂದು ಹೇಳಿ. ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ.

ರಸ್ತೆಗಿಳಿಯುವಾಗ

ನಿಂತಲ್ಲೇ ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಬ್ರೇಕ್ ಪೈಪು ಎಲ್ಲೂ ಎಳೆಯುತ್ತಿಲ್ಲವೆಂದು ನೋಡಿ. ಅಂಟುಪಟ್ಟಿಯ ಅಳತೆಯನ್ನು ಮತ್ತೆ ತೆಗೆದು ಮೊದಲಿನದಕ್ಕೆ ಹೋಲಿಸಿ. ಮೊದಲ ಓಡಾಟ ಜನವಿಲ್ಲದ ರಸ್ತೆಯಲ್ಲಿ, 30 ಕಿ.ಮೀ. ವೇಗ ಮೀರದಂತೆ ಇರಲಿ. ಎಳೆತ, ಸದ್ದು, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತದೆಯೇ ಎಂಬುದನ್ನು ಗಮನಿಸಿ. ವಾಪಸು ಬಂದು ಕೋಟೆ ನಟ್, ಪಿನ್, ಚೆಕ್ ನಟ್, ಚಕ್ರದ ನಟ್ಟುಗಳನ್ನು ಕೈಯಿಂದ ಮುಟ್ಟಿ ನೋಡಿ. ಅಲೈನ್‌ಮೆಂಟಿಗೆ ಹೋದಾಗ ಹೊಸ ಎಂಡ್ ಹಾಕಿದ್ದೀರೆಂದು ಹೇಳಿ, ಅವರು ಕೆಲಸ ಮುಗಿಸಿದ ಮೇಲೆ ಚೆಕ್ ನಟ್ ಬಿಗಿದಿದ್ದಾರೆಯೇ ಎಂದು ಅಲ್ಲೇ ಬಗ್ಗಿ ಪರೀಕ್ಷಿಸಿ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಿ. ಆಮೇಲೆ ಟೈರಿಗೆ ಗಾಳಿ ಹಿಡಿಸುವಾಗಲೆಲ್ಲ ಬೂಟುಗಳ ಮೇಲೊಂದು ಕಣ್ಣು ಹಾಯಿಸಿದರೆ ಸಾಕು.